ಪಿಟಿಆರ್ ಹಾಕಿದ ಮೇಲೂ ಮೇಲ್ ವಾಪಸ್ ಬಂದಿದ್ದು ಯಾಕೆ?

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಮೇಲ್ ಸರ್ವರ್ ನೋಡಿಕೊಳ್ಳುವುದು ನಾನು. ಬೆಳೆಗಾರರಿಗೆ ಔಟ್‌ಟರ್ನ್ ವರದಿ, ವ್ಯಾಪಾರಿಗಳಿಗೆ ಬಿಲ್ಲು ಎಲ್ಲ ಅದರಿಂದಲೇ ಹೋಗುತ್ತದೆ. ಹೊಸ ಬಾಡಿಗೆ ಸರ್ವರ್‌ಗೆ ಹೋದಾಗ ಐಪಿ, ಅಂದರೆ ಸರ್ವರ್‌ನ ಸಂಖ್ಯಾ ವಿಳಾಸ, ಬದಲಾಯಿತು. ಹಾಗಾಗಿ ಐಪಿಯಿಂದ ಹೆಸರು ತೋರಿಸುವ ಪಿಟಿಆರ್ ದಾಖಲೆಯನ್ನೂ ಹೊಸದಾಗಿ ಹಾಕಿಸಬೇಕಾಯಿತು. ಮೇಲ್ ತೆಗೆದುಕೊಳ್ಳುವ ಎಷ್ಟೋ ಸರ್ವರ್‌ಗಳು ಇದನ್ನು ನೋಡುತ್ತವೆ, ಇಲ್ಲದಿದ್ದರೆ ಮೇಲ್ ವಾಪಸ್ ಕಳಿಸುತ್ತವೆ. ಇದನ್ನು ನಮ್ಮ ಡೊಮೈನ್ ಪ್ಯಾನಲ್‌ನಲ್ಲಿ ಹಾಕಿದರೆ ಆಗಲ್ಲ, ಐಪಿ ಯಾರ ಕೈಯಲ್ಲಿದೆಯೋ ಅವರೇ ಹಾಕಬೇಕು. ಸರ್ವರ್ ಬಾಡಿಗೆ ಕೊಟ್ಟ ಕಂಪನಿಗೆ ಟಿಕೆಟ್ ಕೊಟ್ಟೆ, ಸಂಜೆಗೆ ಹಾಕಿಕೊಟ್ಟರು.

ಅಷ್ಟರಲ್ಲಿ ಆಫೀಸಿನಿಂದ ಮೇಲ್ ಹೋಗಲು ಶುರುವಾಗಿತ್ತು. ಕೊಯ್ಲಿನ ಕಾಲ, ಯಾರು ಕಾಯ್ತಾರೆ? "ಸರ್, ಆಯ್ತು ಅಂದ್ರಲ್ಲ, ಇನ್ನೂ ವಾಪಸ್ ಬರ್ತಿದೆ" ಎಂದು ಮ್ಯಾನೇಜರ್ ಫೋನ್ ಮಾಡಿದರು.

ಡಿಎನ್‌ಎಸ್ (ಹೆಸರು-ಐಪಿ ದಾಖಲೆಗಳ ವ್ಯವಸ್ಥೆ) ಕೇಳಿ ನೋಡುವ ಡಿಗ್ ಕಮಾಂಡಿನಲ್ಲಿ, ಮೂಲ ದಾಖಲೆ ಇರುವ ಸರ್ವರ್ ಕಂಪನಿಯ ನೇಮ್ ಸರ್ವರನ್ನೇ ನೇರ ಕೇಳಿದೆ. ನಮ್ಮ ಹೆಸರು ಸರಿಯಾಗಿ ಬಂತು. ಅದೇ ಪ್ರಶ್ನೆಯನ್ನು ಗೂಗಲ್ ಪಬ್ಲಿಕ್ ಡಿಎನ್‌ಎಸ್ ಆದ 8.8.8.8ಕ್ಕೆ ಕೇಳಿದರೆ ಎನ್‌ಎಕ್ಸ್‌ಡೊಮೈನ್, ಅಂದರೆ ಅಂಥ ಹೆಸರೇ ಇಲ್ಲ! ಉತ್ತರದ ಕೆಳಗೆ ಎಸ್‌ಒಎ (ಆ ವಲಯದ ಮುಖ್ಯ ದಾಖಲೆ) ಸಾಲಿನಲ್ಲಿ ಹೆಸರಿನ ಪಕ್ಕದಲ್ಲೇ ಒಂದು ಸಂಖ್ಯೆ ಇರುತ್ತದೆ, ಅದನ್ನು ನೋಡಿ. ಮತ್ತೆ ಕೇಳಿದಾಗ ಅದು ಕಡಿಮೆಯಾಗಿರುತ್ತದೆ. "ಇಲ್ಲ" ಎಂಬ ಉತ್ತರ ಇನ್ನೆಷ್ಟು ಸೆಕೆಂಡು ಉಳಿಯುತ್ತದೆ ಎಂಬ ಲೆಕ್ಕ ಅದು. ಒಮ್ಮೊಮ್ಮೆ ಸಂಖ್ಯೆ ಏರಿದಂತೆಯೂ ಕಾಣುತ್ತದೆ. 8.8.8.8ರ ಹಿಂದೆ ಇರುವುದು ಒಂದೇ ಯಂತ್ರ ಅಲ್ಲ, ಒಂದೊಂದರ ಕ್ಯಾಶ್, ಅಂದರೆ ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ, ಬೇರೆ. ಒಮ್ಮೆ ಸರಿ, ಒಮ್ಮೆ ತಪ್ಪು ಉತ್ತರ ಬರುವುದು ಅದಕ್ಕೇ.

ಪಿಟಿಆರ್ ಹಾಕುವ ಮೊದಲೇ ಮೇಲ್ ಹೋಗಿದ್ದರಿಂದ, ಆಗ ಕೇಳಿದವರಿಗೆ "ಇಲ್ಲ" ಎಂಬ ಉತ್ತರ ಸಿಕ್ಕಿ ಅದೇ ಉಳಿದಿತ್ತು. ಇರುವ ಉತ್ತರದಂತೆ "ಇಲ್ಲ" ಎಂಬ ಉತ್ತರವನ್ನೂ ಇಟ್ಟುಕೊಳ್ಳುವ ನಿಯಮ ಇಂಟರ್‌ನೆಟ್ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 2308ರಲ್ಲಿದೆ, 1998ರದ್ದು. ಎಷ್ಟು ಹೊತ್ತು ಎಂಬುದನ್ನು ಎಸ್‌ಒಎ ಹೇಳುತ್ತದೆ. ಅಲ್ಲಿ 86400 ಸೆಕೆಂಡು ಇದ್ದರೆ ಒಂದು ದಿನ. ಆದರೆ ಡಿಎನ್‌ಎಸ್ ಉತ್ತರ ಹುಡುಕಿ ಇಟ್ಟುಕೊಳ್ಳುವ ರಿಸಾಲ್ವರ್ ಸಾಫ್ಟ್‌ವೇರ್‌ಗಳಲ್ಲಿ ಬೈಂಡ್ ಸಾಮಾನ್ಯವಾಗಿ ಅದನ್ನು 3 ಗಂಟೆಗೆ, ಅನ್‌ಬೌಂಡ್ 1 ಗಂಟೆಗೆ ಮೊಟಕು ಮಾಡುತ್ತವೆ. ಹಾಗಾಗಿ ಏನೂ ಇಲ್ಲದ ಐಪಿಗಿಂತ, ಕಂಪನಿಯವರು ಮೊದಲೇ ಯಾವುದೋ ಹೆಸರು ಹಾಕಿಟ್ಟ ಐಪಿಯೇ ಜಾಸ್ತಿ ಕಾಟ ಕೊಡುತ್ತದೆ. ಆ ಹಳೆ ಹೆಸರು ತನ್ನ ಟಿಟಿಎಲ್ (ಕ್ಯಾಶ್‌ನಲ್ಲಿ ಉಳಿಯುವ ಅವಧಿ) ಪೂರ್ತಿ ಮುಗಿಸಿಯೇ ಹೋಗುವುದು.

ನನ್ನ ಕೈಲಿ ಆಗುವಷ್ಟು ಮಾಡಿದೆ. ನಮ್ಮ ಅನ್‌ಬೌಂಡ್‌ನ ಕ್ಯಾಶ್ ಖಾಲಿ ಮಾಡಿದೆ. ಗೂಗಲ್ ಪಬ್ಲಿಕ್ ಡಿಎನ್‌ಎಸ್‌ಗೆ ಕ್ಯಾಶ್ ತೆಗೆಸುವ ಪುಟವೇ ಇದೆ, ಅಲ್ಲೂ ತೆಗೆಸಿದೆ. ಆದರೆ ಮೇಲ್ ತೆಗೆದುಕೊಳ್ಳುವವರ ರಿಸಾಲ್ವರ್ ಒಳಗೆ ನಾವು ಕೈ ಹಾಕಲು ಆಗಲ್ಲ, ಅಲ್ವಾ? ಪಿಟಿಆರ್ ಅನ್ನು ಮತ್ತೆ ಮತ್ತೆ ಅಳಿಸಿ ಹಾಕಿಸುವುದಂತೂ ಸುಮ್ನೆ ದಂಡ. ಅಳಿಸಿದ ಹೊತ್ತಲ್ಲಿ ಯಾರಾದರೂ ಕೇಳಿದರೆ ಹೊಸ "ಇಲ್ಲ" ಹುಟ್ಟಿಕೊಳ್ಳುತ್ತದೆ.

ಈಗ ನನ್ನ ಕ್ರಮ ಬೇರೆ. ಮೊದಲು ಹೆಸರಿನಿಂದ ಐಪಿ ತೋರಿಸುವ ಎ ರೆಕಾರ್ಡ್, ಆಮೇಲೆ ಪಿಟಿಆರ್. ಎರಡೂ ಒಂದನ್ನೊಂದು ತೋರಿಸುತ್ತಿವೆ ಎಂದು ಆಯಾ ದಾಖಲೆಯ ಮೂಲ ನೇಮ್ ಸರ್ವರ್‌ನಲ್ಲೇ ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಮೇಲ್ ಕಳಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಚಾಲೂ ಮಾಡುವುದಿಲ್ಲ. ಆಫೀಸಿನವರು ಎಷ್ಟೇ ಗೊಣಗಿದರೂ ಅಷ್ಟೇ.

ಅವತ್ತು 450 ಎಂಬ ಕೋಡ್ ಬಂದ ಪತ್ರಗಳಿಗೆ ನಾನೇನೂ ಮಾಡಲಿಲ್ಲ. ಅದು ತಾತ್ಕಾಲಿಕ ನಿರಾಕರಣೆ. ಪೋಸ್ಟ್‌ಫಿಕ್ಸ್ ಅಂಥವನ್ನು ತಾನಾಗಿಯೇ 5 ದಿನ ಕ್ಯೂನಲ್ಲಿಟ್ಟು ಪ್ರಯತ್ನಿಸುತ್ತದೆ. ಕ್ಯಾಶ್ ಮುಗಿದಂತೆ ಒಂದೊಂದಾಗಿ ಹೋದವು. ಕಾಯಂ ನಿರಾಕರಣೆಯಾದ 550 ಬಂದಿದ್ದನ್ನು ಮಾತ್ರ ಮ್ಯಾನೇಜರ್ ಕೈಯಲ್ಲಿ ಇನ್ನೊಮ್ಮೆ ಕಳಿಸಿಸಿದೆ.