ಮರೆವಿಗೆ ಅಂಕ ಕೊಡುವವರ ಮುಂದೆ

ಪೊನ್ನಂಪೇಟೆ, ವಿರಾಜಪೇಟೆ ಕಡೆಯ ಮಾಜಿ ಸೈನಿಕರ ಪಿಂಚಣಿ ಕಡತಗಳನ್ನು ನಾನು ನೋಡಿಕೊಡುತ್ತೇನೆ. ಸೇನೆಯಲ್ಲಿ ಗುಮಾಸ್ತನಾಗಿದ್ದವನಾದ್ದರಿಂದ ಆ ಕಾಗದಗಳ ಭಾಷೆ ನನಗೆ ಗೊತ್ತು. ಕಾಲು ಕಳೆದುಕೊಂಡವರ ನಷ್ಟ, ಪಿಂಚಣಿಗಾಗಿ ಅಂಗವೈಕಲ್ಯ ಅಳೆಯುವ ವೈದ್ಯಕೀಯ ಮಂಡಳಿಯ ಕಣ್ಣಿಗೆ ಬೀಳುತ್ತದೆ. ನೆನಪು ಕಳೆದುಕೊಂಡವರ ನಷ್ಟವನ್ನು ಕಾಗದವೇ ತೋರಿಸಬೇಕು.

ಒಬ್ಬ ನಿವೃತ್ತ ಸುಬೇದಾರರಿಗೆ ಸೇವೆಯಲ್ಲಿದ್ದಾಗ ಸೇನಾ ವಾಹನ ಮಗುಚಿ ತಲೆಗೆ ಪೆಟ್ಟಾಗಿತ್ತು. ಸೇನಾ ಸಂಖ್ಯೆ ಕೇಳಿದರೆ ನೆಟ್ಟಗೆ ನಿಂತು ಥಟ್ಟನೆ ಹೇಳುತ್ತಾರೆ. ಕಮಾಂಡರುಗಳ ಹೆಸರೂ ವರುಷದ ಕ್ರಮದಲ್ಲಿ ಬರುತ್ತದೆ. ಹಳೆಯ ನೆನಪು ಕೊನೆಗೆ ಹೋಗುವಂಥದ್ದು. ಆದರೆ ಕಾಫಿ ಹೂವಿಗೆ ನೀರು ಹಾಯಿಸಲು ಮೋಟರ್ ಹಾಕಿ ಮರೆತು, ಕೆರೆ ಬರಿದಾಗುವವರೆಗೂ ಬಿಟ್ಟಿದ್ದರು. ಕೆಲಸದವರಿಗೆ ಒಂದೇ ವಾರದ ಬಟವಾಡೆಯನ್ನು ಎರಡು ಸಲ ಕೊಟ್ಟಿದ್ದರು. ಮನೆಯ ಕೋವಿಯನ್ನು ಪತ್ನಿ ಬೀಗ ಹಾಕಿ ಇಟ್ಟಿದ್ದರು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬಕ್ಕೆ ಮಗ ಬಂದಾಗಲಷ್ಟೇ ಹೊರಗೆ.

"ಇದನ್ನೆಲ್ಲ ಬರೆಯಬೇಕೇ ಅಣ್ಣ? ಅವರ ಮರ್ಯಾದೆ?" ಎಂದು ಆಕೆ ಕೇಳಿದರು.

"ಬರೆಯಲೇಬೇಕಮ್ಮ. ಅವರ ಹಕ್ಕಿಗೆ ಇದೇ ಸಾಕ್ಷಿ" ಎಂದೆ.

"ತುಂಬಾ ಮರೆವು" ಎಂಬ ಮಾತಿನಿಂದ ಮಂಡಳಿಗೆ ಏನೂ ತಿಳಿಯುವುದಿಲ್ಲ. ದಿನಾಂಕ, ಏನಾಯಿತು, ಯಾರು ತಡೆದರು, ತಡೆಯದಿದ್ದರೆ ಏನಾಗುತ್ತಿತ್ತು ಎಂದು ಪತ್ನಿಯ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಸಿದೆ. ಜೊತೆಗೆ ಟ್ರಂಕಿನಲ್ಲಿದ್ದ ಗಾಯದ ವರದಿ, ಸೇನಾ ಆಸ್ಪತ್ರೆಯ ಬಿಡುಗಡೆ ಪತ್ರಗಳನ್ನು ಲಗತ್ತಿಸಿದೆ. ಸೇವೆಗೂ ಕಾಯಿಲೆಗೂ ಇರುವ ನಂಟು ಇವುಗಳಿಂದಲೇ ನಿಲ್ಲುವುದು. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದನ್ನೂ ಅರ್ಜಿಯಲ್ಲಿ ಉಲ್ಲೇಖಿಸಿದೆ: ಸೇರುವಾಗ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಸಂದೇಹದ ಲಾಭ ಅವನಿಗೆ ಸಲ್ಲಬೇಕು. ಆ ಪ್ರಕರಣವೂ ಮಿದುಳಿನ ಕಾಯಿಲೆಯದೇ, ಅಪಸ್ಮಾರದ್ದು.

ಇನ್ನು ಅಂಗವೈಕಲ್ಯದ ಶೇಕಡಾವಾರು. ಅವಧಿ ಮುಗಿಸಿ ನಿವೃತ್ತರಾದವರಿಗೆ ಅಂಗವೈಕಲ್ಯದ ಪಿಂಚಣಿ ಸಿಗಲು ಕನಿಷ್ಠ 20 ಬೇಕು. 20 ಮುಟ್ಟಿ 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರವರೆಗೆ 75, ಅದಕ್ಕೂ ಮೇಲೆ 100 ಎಂದು ಏರಿಸಿ ಲೆಕ್ಕ ಹಾಕುತ್ತಾರೆ. ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನಿಂದ ಅವಧಿ ಮುಗಿಸಿದವರಿಗೂ ಹೀಗೆ ಏರಿಸುವ ಸೌಲಭ್ಯ ದೊರಕಿತು. ಅಂದರೆ ವೈದ್ಯರು 19 ಎಂದು ಬರೆದರೆ ಏನೂ ಇಲ್ಲ, 20 ಎಂದರೆ 50ರ ಪಿಂಚಣಿ. ಒಂದು ಅಂಕದ ಮೇಲೆ ಒಂದು ಕುಟುಂಬದ ಬದುಕು ನಿಲ್ಲುವುದು ನನಗೆ ಇಂದಿಗೂ ಸಂಕಟದ ವಿಷಯ. ಅದಕ್ಕೇ ಪುಸ್ತಕದ ಒಂದು ಪುಟವನ್ನೂ ಬಿಡಬಾರದು ಎನ್ನುತ್ತೇನೆ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಶೇಕಡಾವಾರು ಬೇರೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಹೆಚ್ಚಿನ ಸೌಲಭ್ಯಗಳಿಗೆ 40 ಬೇಕು. ಮಾನಸಿಕ ಕಾಯಿಲೆಯ ಅಳತೆಗೋಲಿನಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೂ ಅಂಕ ಹಾಕಿ, ಕಾಯಿಲೆ ಎಷ್ಟು ವರ್ಷದ್ದೆಂದು ಕೂಡಿಸುತ್ತಾರೆ. ಪತ್ನಿಯ ಪುಸ್ತಕ ಅಲ್ಲಿಯೂ ಬೇಕಾಯಿತು.

ವೈದ್ಯಕೀಯ ಮಂಡಳಿಯ ಪರೀಕ್ಷೆಯ ದಿನ ಪತ್ನಿ ಒಳಗೆ ಇರಲಿ ಎಂದು ಮೊದಲೇ ಲಿಖಿತವಾಗಿ ಕೋರಿದ್ದೆ. ಮನೆಮಾತು ಕೊಡವ ತಕ್ಕ್ ಎಂದೂ ತಿಳಿಸಿದ್ದೆ. ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ ಸುಬೇದಾರರು "ಜೀ ಸಾಬ್" ಎಂದೇ ಉತ್ತರಿಸುತ್ತಿದ್ದರು. ಬೆಳಿಗ್ಗೆ ಏನು ತಿಂದಿರಿ ಎಂದು ಪತ್ನಿ ಮನೆಮಾತಿನಲ್ಲಿ ಕೇಳಿದಾಗ ಅವರಿಗೆ ಹೇಳಲಾಗಲಿಲ್ಲ. ವೈದ್ಯರು ಪುಸ್ತಕವನ್ನು ಕೇಳಿ ಪಡೆದು ಓದಿದರು.