ನಿಕ್ಸಿ ಗಡಿಯಾರ: ಒಂದೊಂದೇ ಅಂಕಿಯ ಬೋರ್ಡ್ ಕಟ್ಟಿ ಜೋಡಿಸುವುದು ಹೇಗೆ

ಗಾಜಿನ ಬುರುಡೆಯೊಳಗೆ ಕಿತ್ತಳೆ ಬಣ್ಣದಲ್ಲಿ ಉರಿಯುವ ಅಂಕಿಗಳ ಗಡಿಯಾರವನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಆ ಬುರುಡೆಯೇ ನಿಕ್ಸಿ ಟ್ಯೂಬ್. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎಲ್‌ಇಡಿ ಅಂಕಿಗಳು ಅಗ್ಗವಾಗುವ ತನಕ ವೋಲ್ಟ್‌ಮೀಟರ್, ಫ್ರೀಕ್ವೆನ್ಸಿ ಕೌಂಟರ್‌ಗಳಲ್ಲಿ ಇದರದ್ದೇ ದರ್ಬಾರು. ಸೋವಿಯತ್ ಒಕ್ಕೂಟದಲ್ಲಿ ತಯಾರಿಕೆ ಇನ್ನೂ ಹೆಚ್ಚು ಕಾಲ ನಡೆದಿದ್ದರಿಂದ ಈಗ ಸಿಗುವ ಹಳೆಯ ದಾಸ್ತಾನಿನಲ್ಲಿ ಬಹುಪಾಲು ಅಲ್ಲಿಯದು.

ಒಳಗಿರುವುದು ಇಷ್ಟೇ: ಒಂದರ ಹಿಂದೊಂದು ನಿಂತ ಲೋಹದ ಹತ್ತು ಅಂಕಿಗಳು (ಕ್ಯಾಥೋಡ್), ಎದುರಿಗೆ ತೆಳು ಜಾಲರಿ (ಆನೋಡ್), ಕಡಿಮೆ ಒತ್ತಡದಲ್ಲಿ ನಿಯಾನ್ ಅನಿಲ. ಯಾವ ಅಂಕಿಯನ್ನು ಗ್ರೌಂಡಿಗೆ ಸೇರಿಸುತ್ತೀರೋ ಅದರ ಮೈಸುತ್ತಲಿನ ಅನಿಲ ಹೊಳೆಯುತ್ತದೆ. ಮನೆಯಲ್ಲಿರುವ ಟೆಸ್ಟರ್ ಸ್ಕ್ರೂಡ್ರೈವರಿನ ಪುಟ್ಟ ದೀಪ ಹೊತ್ತಿಕೊಳ್ಳುವುದೂ ಹೀಗೇ.

ಇಲ್ಲಿ ವಿವರಿಸುವುದು ಆರು ಅಂಕಿಗಳ ಗಡಿಯಾರ. ಪ್ರತಿ ಅಂಕಿಗೂ ಅದರದೇ ಬೋರ್ಡ್. ಪಕ್ಕಪಕ್ಕದಲ್ಲಿ ಸಿಕ್ಕಿಸುತ್ತಾ ಹೋದರೆ ಸಾಲು ಬೆಳೆಯುತ್ತದೆ. ನಾಲ್ಕರಿಂದ ಶುರು ಮಾಡಿ ಸೆಕೆಂಡಿನ ಎರಡನ್ನು ಆಮೇಲೆ ಸೇರಿಸಬಹುದು. ಒಂದು ಕೆಟ್ಟರೆ ಅದೊಂದನ್ನೇ ಕಳಚಿ ರಿಪೇರಿ ಮಾಡಬಹುದು. ಎಲ್ಲವನ್ನೂ ಒಂದೇ ದೊಡ್ಡ ಬೋರ್ಡಿನಲ್ಲಿ ತುಂಬುವವರಿಗೆ ಈ ಎರಡೂ ಅನುಕೂಲ ಇಲ್ಲ.

ಮೊದಲು ಎಚ್ಚರಿಕೆ. ಇದರಲ್ಲಿ 177 ವೋಲ್ಟ್ ಡಿಸಿ ಇರುತ್ತದೆ. 12 ವೋಲ್ಟ್ ಅಡಾಪ್ಟರಿನಿಂದ ಹುಟ್ಟಿದ್ದಾದರೂ ಹೊಡೆತ ಹೊಡೆತವೇ. ಪವರ್ ಇರುವಾಗ ಅಳೆಯುವುದಿದ್ದರೆ ಮೀಟರಿನ ಕಪ್ಪು ವೈರನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಕಚ್ಚಿಸಿ, ಒಂದೇ ಕೈಯಲ್ಲಿ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟ್ ಮೇನ್ಸನ್ನೇ ಡಯೋಡಿನಿಂದ ಡಿಸಿ ಮಾಡುವ ಸರ್ಕ್ಯೂಟುಗಳ ತಂಟೆಗೆ ಹೋಗಲೇಬೇಡಿ. ಅಲ್ಲಿ 325 ವೋಲ್ಟ್ ಬರುತ್ತದೆ, ಗಡಿಯಾರದ ಪ್ರತಿ ತಂತಿಯೂ ನೇರವಾಗಿ ಮೇನ್ಸಿಗೆ ತಗುಲಿಕೊಂಡಿರುತ್ತದೆ.

ಬೇಕಾದ ಸಾಮಾನು

ಐಎನ್‌-12ಎ ಟ್ಯೂಬ್ 6, ಅದರ ಸಾಕೆಟ್ 6, ಕೆ155ಐಡಿ1 ಚಿಪ್ (ಹೇಳಿದ ಅಂಕಿಯನ್ನು ಗ್ರೌಂಡಿಗೆ ಸೇರಿಸುವ ಡ್ರೈವರ್) 6, 74ಎಚ್‌ಸಿ595 ಚಿಪ್ (ಒಂದೇ ತಂತಿಯಲ್ಲಿ ಸಾಲಾಗಿ ಬರುವ ಬಿಟ್‌ಗಳನ್ನು ಹಿಡಿದು ಹಂಚುವ ಶಿಫ್ಟ್ ರಿಜಿಸ್ಟರ್) 6, 15 ಕಿಲೋಓಮ್ ಅರ್ಧ ವ್ಯಾಟ್ ರೆಸಿಸ್ಟರ್ 6, 100 ನ್ಯಾನೋಫ್ಯಾರಡ್ ಕೆಪಾಸಿಟರ್ 12, ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್) 1, ಡಿಎಸ್‌3231 ಗಡಿಯಾರ ಮಾಡ್ಯೂಲ್ 1, 12ರಿಂದ 5 ವೋಲ್ಟಿಗೆ ಇಳಿಸುವ ಎಲ್‌ಎಂ2596 ಬಕ್ ಮಾಡ್ಯೂಲ್ 1, 12 ವೋಲ್ಟ್ 1 ಆಂಪ್ ಅಡಾಪ್ಟರ್ 1. ಗಂಟೆ–ನಿಮಿಷದ ನಡುವಿನ ಚುಕ್ಕೆಗಳಿಗೆ ಸಣ್ಣ ನಿಯಾನ್ ದೀಪ 2, 220 ಕಿಲೋಓಮ್ ರೆಸಿಸ್ಟರ್ 2, ಎಂಪಿಎಸ್‌ಎ42 ಟ್ರಾನ್ಸಿಸ್ಟರ್ 1. ಟ್ಯೂಬ್, ಸಾಕೆಟ್ ಮತ್ತು ಕೆ155ಐಡಿ1 ಆನ್‌ಲೈನ್‌ನಲ್ಲೇ ತರಿಸಬೇಕು. ಉಳಿದದ್ದಕ್ಕೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಐಎನ್‌-12 ಆರಿಸಿಕೊಳ್ಳಲು ಕಾರಣವಿದೆ. ಅಂಕಿಯ ಎತ್ತರ 18 ಮಿ.ಮೀ., ಸಾಕೆಟ್ ಇರುವುದರಿಂದ ಟ್ಯೂಬಿಗೆ ಬೆಸುಗೆ ಹಾಕುವ ಗೋಜಿಲ್ಲ, ನಿಕ್ಸಿಗಳ ಪೈಕಿ ಸುಲಭವಾಗಿ ಸಿಗುವುದೂ ಇದೇ. 40 ಮಿ.ಮೀ. ಅಂಕಿಯ ಐಎನ್‌-18 ನೋಡಲು ಭರ್ಜರಿ, ಬೆಲೆಯೂ ಹಾಗೇ. ಮೊದಲ ಗಡಿಯಾರಕ್ಕೆ ಬೇಡ. ಐಎನ್‌-12ರಲ್ಲಿ 5 ಎಂಬುದು ತಲೆಕೆಳಗಾದ 2ರ ಆಕಾರದ್ದು. ಟ್ಯೂಬ್ ಕೆಟ್ಟಿದೆ ಎಂದುಕೊಳ್ಳಬೇಡಿ, ಅದನ್ನು ಮಾಡಿರುವುದೇ ಹಾಗೆ. ಹೆಸರಿನ ಕೊನೆಗೆ ‘ಬಿ’ ಇದ್ದರೆ ದಶಾಂಶದ ಚುಕ್ಕೆಯೂ ಇರುತ್ತದೆ, ನಮಗದು ಬೇಕಿಲ್ಲ. ಐಎನ್‌-15 ಬಗ್ಗೆ ಮಾತ್ರ ಹುಷಾರು. ಹೊರಮೈ ಥೇಟ್ ಐಎನ್‌-12, ಒಳಗಿರುವುದು ಅಂಕಿಗಳಲ್ಲ, ಅಳತೆಯ ಸಂಕೇತಗಳು.

177 ವೋಲ್ಟೇ ಯಾಕೆ?

ಇಡೀ ಕೆಲಸದ ಗುಟ್ಟು ಇಲ್ಲಿದೆ. ಐಎನ್‌-12 ಹೊತ್ತಿಕೊಳ್ಳಲು 170 ವೋಲ್ಟಿನವರೆಗೆ ಬೇಕಾಗಬಹುದು. ಹೊತ್ತಿದ ಮೇಲೆ ಟ್ಯೂಬಿನ ಎರಡು ತುದಿಗಳ ನಡುವೆ ಸುಮಾರು 140 ವೋಲ್ಟ್ ನಿಲ್ಲುತ್ತದೆ. ಕೆ155ಐಡಿ1 ಎಂಬುದು ಅಮೆರಿಕದ 74141 ಚಿಪ್ಪಿನ ಸೋವಿಯತ್ ನಕಲು. ಅದರ ಔಟ್‌ಪುಟ್‌ಗಳು ತಡೆಯುವುದು ಸುಮಾರು 60 ವೋಲ್ಟ್ ಮಾತ್ರ. ಹಾಗಿದ್ದೂ ಅದು 177 ವೋಲ್ಟಿನ ಟ್ಯೂಬನ್ನು ಆರಿಸಿ ಹೊತ್ತಿಸುತ್ತದೆ. ಅಂಕಿ ಆರಿದಾಗ ಕ್ಯಾಥೋಡ್ 60 ವೋಲ್ಟಿನವರೆಗೆ ಮೇಲೇರುತ್ತದೆ, ಟ್ಯೂಬಿನ ಪಾಲಿಗೆ ಉಳಿಯುವುದು 117. ಅಷ್ಟರಲ್ಲಿ ಅನಿಲ ಉರಿಯಲಾರದು.

ಈಗ ‘ಇನ್ನಷ್ಟು ಬೆಳಕು ಬರಲಿ’ ಎಂದು ಸಪ್ಲೈಯನ್ನು 200 ದಾಟಿಸಿ ನೋಡಿ. 200ರಲ್ಲಿ 60 ಕಳೆದರೆ 140. ಆರಿರಬೇಕಾದ ಅಂಕಿಗಳೂ ಮಸುಕಾಗಿ ಹೊಳೆಯತೊಡಗುತ್ತವೆ. ಟ್ಯೂಬಿನ ಮಾಹಿತಿಪತ್ರದಲ್ಲಿ ‘ಕನಿಷ್ಠ 200 ವೋಲ್ಟ್’ ಎಂದಿರುವುದನ್ನು ಓದಿ ಹಾಗೇ ಮಾಡಿದವರಿಗೆ ಈ ಪೀಡೆ ಕಟ್ಟಿಟ್ಟದ್ದು. ಬೆಳಕನ್ನು ನಿರ್ಧರಿಸುವುದು ಕರೆಂಟ್, ಅಂದರೆ ಆನೋಡ್ ರೆಸಿಸ್ಟರ್. 177ರಲ್ಲಿ 140 ಕಳೆದು 15 ಕಿಲೋಓಮ್‌ನಿಂದ ಭಾಗಿಸಿದರೆ ಸುಮಾರು 2.5 ಮಿಲಿಆಂಪ್. ಈ ಟ್ಯೂಬಿಗೆ ಅದು ಹದವಾದ ಲೆಕ್ಕ.

ಹೆಜ್ಜೆ 1: ಹೈವೋಲ್ಟೇಜ್ ಸಪ್ಲೈ

12 ವೋಲ್ಟನ್ನು ಮೇಲೇರಿಸುವ ಸಿದ್ಧ ಬೂಸ್ಟ್ ಮಾಡ್ಯೂಲ್ ಕೊಂಡರೆ ಅದರ ಟ್ರಿಮ್ಮರ್ ತಿರುಗಿಸಿ 177ಕ್ಕೆ ನಿಲ್ಲಿಸಿ. ಮೊದಲ ಸಲಕ್ಕೆ ಇದೇ ಜಾಣತನ. ಸ್ವತಃ ಕಟ್ಟುವವರಿಗೆ: ಎಂಸಿ34063 ಚಿಪ್, ಐಆರ್‌ಎಫ್740 ಮಾಸ್‌ಫೆಟ್, 2 ಆಂಪ್ ತಡೆಯುವ 100 ಮೈಕ್ರೋಹೆನ್ರಿ ಕಾಯಿಲ್, ಯುಎಫ್4004 ಡಯೋಡ್, ಔಟ್‌ಪುಟ್ಟಿಗೆ 4.7 ಮೈಕ್ರೋಫ್ಯಾರಡ್ 350 ವೋಲ್ಟ್ ಕೆಪಾಸಿಟರ್, ಟೈಮಿಂಗಿಗೆ 1 ನ್ಯಾನೋಫ್ಯಾರಡ್, ಕರೆಂಟ್ ಮಿತಿಗೆ 0.22 ಓಮ್. ಫೀಡ್‌ಬ್ಯಾಕಿಗೆ ಮೇಲೆ 330 ಕಿಲೋಓಮ್‌ನ ಎರಡು ಸರಣಿಯಲ್ಲಿ, ಕೆಳಗೆ 4.7 ಕಿಲೋಓಮ್. ಚಿಪ್ಪಿನ ಒಳಗಿನ ರೆಫರೆನ್ಸ್ 1.25 ವೋಲ್ಟ್ ಆದ್ದರಿಂದ ಔಟ್‌ಪುಟ್ 177ರ ಹತ್ತಿರ ನಿಲ್ಲುತ್ತದೆ. ಮೇಲೆ 660 ಕಿಲೋಓಮ್‌ನ ಒಂದೇ ರೆಸಿಸ್ಟರ್ ಬದಲು ಎರಡು ಹಾಕುವುದು ವೋಲ್ಟೇಜ್ ಹಂಚಿಹೋಗಲಿ ಎಂದು.

ಇಲ್ಲಿ ಎಡವುವ ಜಾಗ ಎರಡು. ಯುಎಫ್4004 ಇಲ್ಲವೆಂದು ಕೈಗೆ ಸಿಕ್ಕ 1ಎನ್‌4007 ಹಾಕಿದರೆ ಅದು ಈ ವೇಗಕ್ಕೆ ನಿಧಾನ. ಬಿಸಿಯಾಗುತ್ತದೆ, ವೋಲ್ಟೇಜೂ ಏರುವುದಿಲ್ಲ. ಇನ್ನೊಂದು ಮಾಸ್‌ಫೆಟ್‌ನ ಗೇಟ್. ಎಂಸಿ34063 ಗೇಟನ್ನು ಜೋರಾಗಿ ತುಂಬಿಸಬಲ್ಲದು, ಖಾಲಿ ಮಾಡಲಾರದು. ಬರೀ 1 ಕಿಲೋಓಮ್ ರೆಸಿಸ್ಟರಿನಿಂದ ಗ್ರೌಂಡಿಗೆ ಇಳಿಸಿದರೆ ಮಾಸ್‌ಫೆಟ್ ನಿಧಾನಕ್ಕೆ ಆರುತ್ತದೆ, ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಒಂದು 2ಎನ್‌3906 ಪಿಎನ್‌ಪಿ ಟ್ರಾನ್ಸಿಸ್ಟರ್ ಸೇರಿಸಿ ಗೇಟನ್ನು ಅದರ ಮೂಲಕ ಗ್ರೌಂಡಿಗೆ ಎಳೆಸಿ, ಬಿಸಿ ತಗ್ಗುತ್ತದೆ.

ಟ್ಯೂಬ್ ಜೋಡಿಸುವ ಮೊದಲು ಔಟ್‌ಪುಟ್ಟಿಗೆ 12 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್ ಕಟ್ಟಿ ಹತ್ತು ನಿಮಿಷ ಓಡಿಸಿ. ಸುಮಾರು 15 ಮಿಲಿಆಂಪ್ ಹರಿಯುತ್ತದೆ, ಆರು ಟ್ಯೂಬಿನ ಹೊರೆ ಅಷ್ಟೇ. ವೋಲ್ಟೇಜ್ ಎರಡು ಮೂರಕ್ಕಿಂತ ಹೆಚ್ಚು ಇಳಿಯಬಾರದು. ಆಫ್ ಮಾಡಿದ ಮೇಲೆ, ಹೊರೆ ಇಲ್ಲದಿದ್ದರೂ ಫೀಡ್‌ಬ್ಯಾಕ್ ರೆಸಿಸ್ಟರುಗಳ ಮೂಲಕವೇ ಕೆಪಾಸಿಟರ್ ಕಾಲು ನಿಮಿಷದಲ್ಲಿ ಖಾಲಿಯಾಗುತ್ತದೆ. ಆದರೂ ಮೀಟರಿನಲ್ಲಿ ನೋಡದೆ ಕೈ ಹಾಕಬೇಡಿ.

ಹೆಜ್ಜೆ 2: ಟ್ಯೂಬ್ ಪರೀಕ್ಷೆ

ಆನೋಡಿಗೆ 15 ಕಿಲೋಓಮ್ ಮೂಲಕ 177 ವೋಲ್ಟ್ ಕೊಟ್ಟು, ಇನ್ಸುಲೇಶನ್ ಇರುವ ಪ್ರೋಬಿನಿಂದ ಕ್ಯಾಥೋಡ್ ಪಿನ್ನುಗಳನ್ನು ಒಂದೊಂದಾಗಿ ಗ್ರೌಂಡಿಗೆ ಮುಟ್ಟಿಸಿ. ಹತ್ತೂ ಅಂಕಿ ಪೂರ್ತಿ ಮೈತುಂಬ ಉರಿಯಬೇಕು. ಯಾವ ಪಿನ್ ಯಾವ ಅಂಕಿ ಎಂಬುದನ್ನು ಆಗಲೇ ಬರೆದುಕೊಳ್ಳಿ. ಹಿಂದಿನಿಂದ ನೋಡುತ್ತಿದ್ದೇವೋ ಮುಂದಿನಿಂದಲೋ ಎಂಬ ಗೊಂದಲಕ್ಕೆ ಇದೇ ಮದ್ದು. ವರ್ಷಗಟ್ಟಲೆ ಡಬ್ಬದಲ್ಲಿದ್ದ ಟ್ಯೂಬ್ ಕತ್ತಲಲ್ಲಿ ಹೊತ್ತಿಕೊಳ್ಳಲು ಸ್ವಲ್ಪ ತಡ ಮಾಡಿದರೆ ಚಿಂತೆಯಿಲ್ಲ. ಗಾಜಿನ ಒಳಮೈಗೆ ಬೂದು ಅಥವಾ ಕಪ್ಪು ಲೇಪ ಕಂಡರೆ ಅದು ಬಹಳ ದುಡಿದ ಟ್ಯೂಬ್. ಏನು ಮಾಡಿದರೂ ಹೊತ್ತಿಕೊಳ್ಳದ ಟ್ಯೂಬಿನಲ್ಲಿ ಗಾಳಿ ಸೇರಿರುತ್ತದೆ, ಎಸೆಯಿರಿ.

ಹೆಜ್ಜೆ 3: ಅಂಕಿಯ ಬೋರ್ಡ್

74ಎಚ್‌ಸಿ595ರ 15, 1, 2, 3ನೇ ಪಿನ್ನುಗಳು ಕ್ರಮವಾಗಿ ಕೆ155ಐಡಿ1ರ 3, 6, 7, 4ನೇ ಪಿನ್ನಿಗೆ. 595ರ 13ನೇ ಪಿನ್ ಗ್ರೌಂಡಿಗೆ, 10ನೆಯದು 5 ವೋಲ್ಟಿಗೆ. ಈ 10ನ್ನು ತೇಲಲು ಬಿಟ್ಟರೆ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆ. ಕೆ155ಐಡಿ1ರಲ್ಲಿ 5 ವೋಲ್ಟ್ 5ನೇ ಪಿನ್ನಿಗೆ, ಗ್ರೌಂಡ್ 12ಕ್ಕೆ. ಸಾಮಾನ್ಯ 16 ಪಿನ್ ಚಿಪ್ಪುಗಳಂತೆ 16 ಮತ್ತು 8 ಅಲ್ಲ. ಅಭ್ಯಾಸಬಲದಿಂದ ಹಾಗೆ ಬೆಸೆದು ಚಿಪ್ ಸುಡುವುದು ಮಾಮೂಲು. ಅಂಕಿ 0ಯಿಂದ 9ರವರೆಗಿನ ಔಟ್‌ಪುಟ್ ಪಿನ್ನುಗಳು ಸಾಲಾಗಿ: 16, 15, 8, 9, 13, 14, 11, 10, 1, 2. ಪ್ರತಿ ಚಿಪ್ಪಿನ ಪಕ್ಕದಲ್ಲೂ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಒಂದು 100 ನ್ಯಾನೋಫ್ಯಾರಡ್ ಇರಲಿ.

ಬೋರ್ಡಿನ ಎಡಕ್ಕೆ 8 ಪಿನ್ನಿನ ಗಂಡು ಹೆಡರ್, ಬಲಕ್ಕೆ ಹೆಣ್ಣು. 1ನೇ ಪಿನ್ 177 ವೋಲ್ಟ್, 2, 3 ಖಾಲಿ, 4 ಗ್ರೌಂಡ್, 5 ಐದು ವೋಲ್ಟ್, 6 ಡೇಟಾ, 7 ಕ್ಲಾಕ್ (ಬಿಟ್‌ಗಳನ್ನು ಒಂದೊಂದಾಗಿ ಮುಂದೆ ತಳ್ಳುವ ಸಿಗ್ನಲ್), 8 ಲ್ಯಾಚ್ (ಬಂದ ಬಿಟ್‌ಗಳನ್ನು ಔಟ್‌ಪುಟ್ಟಿಗೆ ದಾಟಿಸುವ ಸಿಗ್ನಲ್). ಡೇಟಾ ಮಾತ್ರ ಎಡದಿಂದ 595ರ 14ನೇ ಪಿನ್ನಿಗೆ ಹೋಗಿ, 9ನೇ ಪಿನ್ನಿನಿಂದ ಬಲಕ್ಕೆ ಹೊರಡುತ್ತದೆ. ಉಳಿದೆಲ್ಲ ನೇರ, ಕ್ಲಾಕ್ 11ಕ್ಕೂ ಲ್ಯಾಚ್ 12ಕ್ಕೂ ಕವಲೊಡೆಯುತ್ತವೆ. ಖಾಲಿ ಬಿಟ್ಟ ಎರಡು ಪಿನ್ ಹೈವೋಲ್ಟೇಜ್ ಪಕ್ಕಕ್ಕೆ ಹಾರದಂತೆ ಅಂತರ ಕೊಡುತ್ತವೆ. ಗಂಡಿನ 2ನೇ ಪಿನ್ ಕತ್ತರಿಸಿ, ಹೆಣ್ಣಿನ 2ನೇ ತೂತಿಗೆ ಅಂಟು ತುಂಬಿ. ತಿರುಗುಮುರುಗು ಸಿಕ್ಕಿಸಲು ಹೋದರೆ 7ನೇ ಪಿನ್ ಆ ಮುಚ್ಚಿದ ತೂತಿಗೆ ತಗುಲಿ ನಿಲ್ಲುತ್ತದೆ. ಇಲ್ಲದಿದ್ದರೆ 177 ವೋಲ್ಟ್ ಲ್ಯಾಚ್ ತಂತಿಗೆ ನುಗ್ಗಿ ಎಲ್ಲ ಚಿಪ್ಪುಗಳೂ ಆರ್ಡುಯಿನೋವೂ ಒಟ್ಟಿಗೇ ಹೋಗುತ್ತವೆ. ಪವರ್ ಬರುವ ಕಡೆ ಯಾವಾಗಲೂ ಹೆಣ್ಣೇ ಇರಬೇಕು, ಬೆರಳಿಗೆ ಸಿಗುವ ಪಿನ್ನಿನಲ್ಲಿ ವೋಲ್ಟೇಜ್ ಇರಬಾರದು. ಅಂಕಿಯ ಬೋರ್ಡಿನಲ್ಲಿ ಹೈವೋಲ್ಟೇಜ್ ಕೆಪಾಸಿಟರ್ ಹಾಕದಿರುವುದೂ ಇದೇ ಕಾರಣಕ್ಕೆ: ಕಳಚಿದೊಡನೆ ಅದು ನಿರ್ಜೀವವಾಗಬೇಕು.

ಒಂದು ಬೋರ್ಡ್ ಪೂರ್ತಿ ಮುಗಿಸಿ, 0ಯಿಂದ 9 ಎಣಿಸಿ ನೋಡಿ, ಆಮೇಲೆ ಉಳಿದ ಐದಕ್ಕೆ ಕೈಹಾಕಿ.

ಚುಕ್ಕೆಗಳಿಗೆ: ಪ್ರತಿ ನಿಯಾನ್ ದೀಪಕ್ಕೂ ಬೇರೆ ಬೇರೆ 220 ಕಿಲೋಓಮ್, ಎರಡೂ ಎಂಪಿಎಸ್‌ಎ42ರ ಕಲೆಕ್ಟರಿಗೆ, ಎಮಿಟರ್ ಗ್ರೌಂಡಿಗೆ. ಬೇಸಿಗೆ ಪಕ್ಕದ 595ರ 4ನೇ ಪಿನ್ನಿನಿಂದ 10 ಕಿಲೋಓಮ್.

ಹೆಜ್ಜೆ 4: ಸಮಯ ಮತ್ತು ಪ್ರೋಗ್ರಾಂ

ಡಿಎಸ್‌3231ರ ತಪ್ಪು ಸಾಮಾನ್ಯ ಉಷ್ಣಾಂಶದಲ್ಲಿ ಹತ್ತು ಲಕ್ಷಕ್ಕೆ 2, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ. ಅದರ ಎಸ್‌ಡಿಎ, ಎಸ್‌ಸಿಎಲ್ ತಂತಿಗಳು ನ್ಯಾನೋದ ಎ4, ಎ5ಕ್ಕೆ. ಅಂಗಡಿಯಲ್ಲಿ ಸಿಗುವ ನೀಲಿ ಮಾಡ್ಯೂಲಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಆಗದ ಸಿಆರ್‌2032 ಹಾಕುವವರು ಅದರ 200 ಓಮ್ ರೆಸಿಸ್ಟರನ್ನು ಕಿತ್ತುಬಿಡಬೇಕು, ಇಲ್ಲವಾದರೆ ಬ್ಯಾಟರಿ ಉಬ್ಬುತ್ತದೆ.

ಪ್ರೋಗ್ರಾಂ ಚಿಕ್ಕದು. ಈ ಚಿಪ್ ಸೆಕೆಂಡು, ನಿಮಿಷ, ಗಂಟೆಗಳನ್ನು ಬಿಸಿಡಿ ರೂಪದಲ್ಲೇ ಇಟ್ಟುಕೊಂಡಿರುತ್ತದೆ: ಮೇಲಿನ ನಾಲ್ಕು ಬಿಟ್ ಹತ್ತರ ಅಂಕಿ, ಕೆಳಗಿನ ನಾಲ್ಕು ಬಿಡಿ ಅಂಕಿ. ಕೆ155ಐಡಿ1ಗೆ ಬೇಕಿರುವುದೂ ಅದೇ, ಭಾಗಾಕಾರದ ಅಗತ್ಯವಿಲ್ಲ. ಲ್ಯಾಚ್ ಇಳಿಸಿ, ತೀರಾ ಬಲಗಡೆಯ ಬೋರ್ಡಿನ ಬೈಟ್ ಮೊದಲು ಕಳಿಸಿ, ಎಡಗಡೆಯದು ಕೊನೆಗೆ, ಲ್ಯಾಚ್ ಏರಿಸಿ. ನ್ಯಾನೋ ಬದಲು 3.3 ವೋಲ್ಟಿನ ಇಎಸ್‌ಪಿ32 ಬಳಸುವುದಿದ್ದರೆ 74ಎಚ್‌ಸಿಟಿ595 ತನ್ನಿ. 5 ವೋಲ್ಟಿನ ಎಚ್‌ಸಿ ಚಿಪ್ಪಿಗೆ 3.5 ವೋಲ್ಟಿಗಿಂತ ಕಡಿಮೆಯ ಸಿಗ್ನಲ್ ನಂಬಿಕೆಯದಲ್ಲ.

ಅಂಕಿ ಕೆಟ್ಟು ಕಂಡರೆ

1ರ ಜಾಗದಲ್ಲಿ 8, 2ರ ಜಾಗದಲ್ಲಿ 4 ಬಂದರೆ ಬಿಟ್‌ಗಳ ಕ್ರಮ ತಿರುಗಿದೆ. ನಾಲ್ಕು ತಂತಿಗಳನ್ನು ನೋಡಿ. ಅಂಕಿಯ ಒಂದು ಭಾಗ ಮಾತ್ರ ಉರಿದರೆ ಮೊದಲು ಆನೋಡ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆಯಿರಿ, 37 ವೋಲ್ಟ್ ಆಸುಪಾಸು ಇರಬೇಕು. (ಇಲ್ಲಿ ಎರಡೂ ತುದಿ ಹೈವೋಲ್ಟೇಜ್, ಪವರ್ ಆಫ್ ಇರುವಾಗಲೇ ಕ್ಲಿಪ್ ಕಚ್ಚಿಸಿ, ಆಮೇಲೆ ಆನ್ ಮಾಡಿ.) ಅದು ಸರಿಯಿದ್ದೂ ಅರ್ಧವೇ ಉರಿದರೆ ಕ್ಯಾಥೋಡಿಗೆ ಮಸಿ ಹಿಡಿದಿದೆ. ಉರಿಯುವ ಅಂಕಿಯಿಂದ ಸಿಡಿದ ಲೋಹದ ಕಣಗಳು ಸುಮ್ಮನಿರುವ ಅಂಕಿಗಳ ಮೇಲೆ ಕೂರುತ್ತವೆ. ಗಂಟೆಯ ಹತ್ತರ ಸ್ಥಾನದಲ್ಲಿ 0, 1, 2 ಬಿಟ್ಟರೆ ಬೇರೆಯದು ಎಂದೂ ಉರಿಯದು, ಹಾಗಾಗಿ ಆ ಟ್ಯೂಬಿಗೇ ಈ ರೋಗ ಮೊದಲು. ರೆಸಿಸ್ಟರನ್ನು 12 ಕಿಲೋಓಮ್‌ಗೆ ಇಳಿಸಿ ಆ ಅಂಕಿಯೊಂದನ್ನೇ ಕೆಲವು ಗಂಟೆ ಉರಿಸಿದರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ. ಬರದಂತೆ ತಡೆಯಲು ದಿನವೂ ನಸುಕಿನ 3 ಗಂಟೆಗೆ ಎಲ್ಲ ಟ್ಯೂಬುಗಳಲ್ಲಿ 0ಯಿಂದ 9 ಓಡಿಸುವ ನಾಲ್ಕು ಸಾಲು ಪ್ರೋಗ್ರಾಮಿನಲ್ಲಿ ಸೇರಿಸಿ. ಅಂಚಿನಲ್ಲಿ ನಸುನೀಲಿ ಹೊಳಪು ಕಂಡರೆ ಗಾಬರಿಯಾಗಬೇಡಿ. ಆಯುಷ್ಯ ಹೆಚ್ಚಲೆಂದು ಸೇರಿಸಿದ ಪಾದರಸದ ಬಣ್ಣ ಅದು. ಪಾದರಸ ಇರುವುದರಿಂದಲೇ ಒಡೆದ ಟ್ಯೂಬನ್ನು ಬರಿಗೈಯಲ್ಲಿ ಮುಟ್ಟಬಾರದು.

ಪೆಟ್ಟಿಗೆ ಮರದ್ದಾಗಲಿ ಅಕ್ರಿಲಿಕ್ಕಿನದ್ದಾಗಲಿ, ಹಿಂಬದಿ ಮುಚ್ಚಿರಬೇಕು, ಮೇಲೆ ಕೆಳಗೆ ಗಾಳಿಗೆ ಕಿಂಡಿ ಇರಬೇಕು, ಮಕ್ಕಳ ಬೆರಳು ತೂರಬಾರದು. ಟ್ಯೂಬಿನ ಬುಡಕ್ಕೆ ನೀಲಿ ಎಲ್‌ಇಡಿ ಇಡುವ ಶೋಕಿ ಬಹಳ ಜನಕ್ಕಿದೆ. ಕಿತ್ತಳೆ ಬೆಳಕಿನ ಅಂದ ಕೆಡಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ವರ್ಷಕ್ಕೆ 8,760 ಗಂಟೆ ಸುಮ್ಮನೆ ಉರಿಸುವ ಬದಲು ಎಚ್‌ಸಿ-ಎಸ್‌ಆರ್501 ಚಲನೆ ಸೆನ್ಸರ್ ಒಂದನ್ನು ಹಾಕಿ, ಕೋಣೆಯಲ್ಲಿ ಯಾರೂ ಇಲ್ಲದಾಗ ಟ್ಯೂಬುಗಳು ಆರುವಂತೆ ಮಾಡಿ. ಆರಿಸಲು ಪ್ರತಿ ಬೋರ್ಡಿಗೂ 15 ಎಂಬ ಸಂಖ್ಯೆ ಕಳಿಸಿದರಾಯಿತು, 9ಕ್ಕಿಂತ ದೊಡ್ಡ ಸಂಖ್ಯೆ ಬಂದರೆ 74141 ಯಾವ ಅಂಕಿಯನ್ನೂ ಹೊತ್ತಿಸುವುದಿಲ್ಲ. ತರಿಸುವಾಗಲೇ ಎರಡು ಟ್ಯೂಬ್, ಒಂದು ಡ್ರೈವರ್ ಚಿಪ್ ಹೆಚ್ಚಿಗೆ ತರಿಸಿಡಿ. ಬಿಡಿಯಾಗಿ ಒಂದೊಂದನ್ನೇ ತರಿಸಿದರೆ ಟ್ಯೂಬಿಗಿಂತ ಅಂಚೆ ಖರ್ಚೇ ಹೆಚ್ಚಾಗುತ್ತದೆ.