ವೇಗದ ಫಿಲ್ಮ್, ಹಳೇ ಕ್ಯಾಮೆರಾ: ಫ್ಲ್ಯಾಶ್ ಬೆಳಕನ್ನು ತಗ್ಗಿಸುವ ಲೆಕ್ಕ

ಐಎಸ್‌ಒ 400 ಅಥವಾ ಅದಕ್ಕೂ ವೇಗದ (ಅಂದರೆ ಬೆಳಕಿಗೆ ಹೆಚ್ಚು ಸೂಕ್ಷ್ಮವಾದ) ಫಿಲ್ಮ್ ತುಂಬಿದ ಹಳೇ ಕ್ಯಾಮೆರಾಗೆ ಫ್ಲ್ಯಾಶ್ ಹಾಕಿದರೆ ಕಾಡುವುದು ಬೆಳಕಿನ ಕೊರತೆಯಲ್ಲ, ಅತಿರೇಕ. ಐಎಸ್‌ಒ 100ಕ್ಕೆ ಮೀಟರ್ ಲೆಕ್ಕದಲ್ಲಿ 28 ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ; ದೂರದಿಂದ ಭಾಗಿಸಿದರೆ ಇಡಬೇಕಾದ ಎಫ್ ಸಿಗುತ್ತದೆ) ಇರುವ ಸಾಧಾರಣ ಫ್ಲ್ಯಾಶನ್ನೇ ತೆಗೆದುಕೊಳ್ಳಿ. ಫಿಲ್ಮ್ ವೇಗ ನಾಲ್ಕು ಪಟ್ಟಾದರೆ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ: 400ಕ್ಕೆ 56, 1600ಕ್ಕೆ 112. ಎರಡು ಮೀಟರ್ ದೂರದಲ್ಲಿ ಕೂತವರಿಗೆ 400ರಲ್ಲೇ ಎಫ್ 28 ಬೇಕು (ಎಫ್ ಅಂಕಿ ದೊಡ್ಡದಾದಷ್ಟೂ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಕಿರಿದು). ಹಳೇ 50 ಎಂಎಂ ಲೆನ್ಸ್‌ಗಳು 16ಕ್ಕೋ 22ಕ್ಕೋ ನಿಂತುಬಿಡುತ್ತವೆ. ಶಟರ್ ವೇಗ ಹೆಚ್ಚಿಸಿಯೂ ಪ್ರಯೋಜನವಿಲ್ಲ. ಶಟರ್ ತೆರೆದಿರುವಾಗಲೇ ಫ್ಲ್ಯಾಶ್ ಸುಮಾರು 1/1000 ಸೆಕೆಂಡಿನಲ್ಲಿ ಮಿಂಚಿ ಮುಗಿಯುತ್ತದೆ.

ಅದಕ್ಕೇ ನಾನು ಮೊದಲು ಕೈಹಾಕುವುದು ಫ್ಲ್ಯಾಶಿನ ಪವರ್‌ಗೆ. ಪವರ್ 1/4ಕ್ಕೆ ಇಳಿಸಿದರೆ ಗೈಡ್ ನಂಬರ್ ಅರ್ಧವಾಗುತ್ತದೆ, 1/16ಕ್ಕೆ ಇಳಿಸಿದರೆ ಕಾಲು ಭಾಗ. ಅಂದರೆ 400ರ ಫಿಲ್ಮ್‌ಗೆ 1/4, 1600ರದ್ದಕ್ಕೆ 1/16 ಇಟ್ಟರೆ ಲೆಕ್ಕ ಮತ್ತೆ 100ರ ಫಿಲ್ಮ್, ಪೂರ್ತಿ ಪವರ್‌ಗೇ ಬಂದು ನಿಲ್ಲುತ್ತದೆ. 28ನ್ನು ದೂರದಿಂದ ಭಾಗಿಸಿ: ಎರಡು ಮೀಟರಿಗೆ ಎಫ್ 14, ಮೂರೂವರೆಗೆ ಎಫ್ 8. ಬ್ಯಾಟರಿಯೂ ಉಳಿಯುತ್ತದೆ, ಮುಂದಿನ ಮಿಂಚಿಗೆ ಕಾಯಬೇಕಾಗಿಯೂ ಇಲ್ಲ.

ಪವರ್ ಇಳಿಸುವ ಸೌಲಭ್ಯವಿಲ್ಲದೆ ಆಟೋ ಮಾತ್ರ ಇರುವ ಫ್ಲ್ಯಾಶಾದರೆ ಅದರ ಮುಂಭಾಗದ ಕಣ್ಣೇ ಬೆಳಕು ಅಳೆದು ಮಿಂಚನ್ನು ತುಂಡರಿಸುತ್ತದೆ. ಡಯಲ್ 400ಕ್ಕೆ ಕೊನೆಯಾಗಿದ್ದರೂ ಚಿಂತೆಯಿಲ್ಲ. 400ಕ್ಕೆ ಎಫ್ 5.6 ಎಂದು ತೋರಿಸಿದರೆ 800ರ ಫಿಲ್ಮ್‌ಗೆ ಎಫ್ 8, 1600ಕ್ಕೆ ಎಫ್ 11 ಇಡಿ. ತೀರ ಹತ್ತಿರದಲ್ಲಿ ಮಾತ್ರ ಎಡವುತ್ತದೆ: ಮಿಂಚನ್ನು ಒಂದು ಮಿತಿಗಿಂತ ಬೇಗ ತುಂಡರಿಸಲು ಅದಕ್ಕೆ ಆಗುವುದಿಲ್ಲ, ಮುಖ ಸುಣ್ಣ ಬಳಿದಂತಾಗುತ್ತದೆ. ಆಗ ಫ್ಲ್ಯಾಶ್ ತಲೆಗೆ ಬಿಳಿ ಕರ್ಚೀಫ್ ಸುತ್ತುತ್ತೇನೆ. ಒಂದು ಮಡಿಕೆಗೆ ಹೆಚ್ಚುಕಡಿಮೆ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ), ಬಟ್ಟೆಯ ದಪ್ಪ ನೋಡಿಕೊಂಡು. ಬಟ್ಟೆ ಕಣ್ಣನ್ನು ಮುಚ್ಚಬಾರದು. ಮುಚ್ಚಿದರೆ ಅದು ಕತ್ತಲೆಯೆಂದುಕೊಂಡು ಮಿಂಚನ್ನು ಪೂರ್ತಿ ಬಿಡುತ್ತದೆ.

ಇಷ್ಟೆಲ್ಲ ತಗ್ಗಿಸಬೇಕಾದರೆ ವೇಗದ ಫಿಲ್ಮ್ ಯಾಕೆ? ಬೌನ್ಸ್‌ಗಾಗಿ, ಅಂದರೆ ಬೆಳಕನ್ನು ಚಾವಣಿಗೆ ಹೊಡೆದು ಪುಟಿಸುವುದಕ್ಕಾಗಿ. ನೇರ ಹೊಡೆಯುವುದಕ್ಕೆ 100ರ ಫಿಲ್ಮೇ ಸಾಕು. ಫ್ಲ್ಯಾಶ್ ತಲೆಯನ್ನು ಬಿಳಿ ಚಾವಣಿಗೆ ತಿರುಗಿಸಿದರೆ ಬೆಳಕು ಸಾಗುವ ದಾರಿ ಉದ್ದವಾಗುತ್ತದೆ, ಜೊತೆಗೆ ಸುಮಾರು ಎರಡು ಸ್ಟಾಪ್ ಸೋರಿಹೋಗುತ್ತದೆ. ಒಟ್ಟು ದಾರಿ ನಾಲ್ಕು ಮೀಟರ್ ಎಂದಿಟ್ಟುಕೊಂಡರೆ ಐಎಸ್‌ಒ 100ರಲ್ಲಿ ಪೂರ್ತಿ ಪವರ್‌ಗೂ ಎಫ್ 3.5 ಮಾತ್ರ, 800ರಲ್ಲಿ ಎಫ್ 8 ದಾಟಿ ಎಫ್ 10ರ ಹತ್ತಿರ. ಫೋಕಸ್ ಸ್ವಲ್ಪ ತಪ್ಪಿದರೂ ಮುಚ್ಚಿಹೋಗುತ್ತದೆ. ಚಾವಣಿಗೆ ಬಣ್ಣವಿದ್ದರೆ ಕಲರ್ ಫಿಲ್ಮ್‌ನಲ್ಲಿ ಮುಖಕ್ಕೂ ಅದೇ ಬಣ್ಣ. ಶಟರನ್ನು 1/15ಕ್ಕೆ ಇಳಿಸಿದರೆ ಹಿಂದಿನ ಕೋಣೆಯ ದೀಪವೂ ಫಿಲ್ಮಿಗೆ ಸಿಗುತ್ತದೆ, ಹಿನ್ನೆಲೆ ಬಾವಿಯಂತೆ ಕಪ್ಪಾಗುವುದಿಲ್ಲ.

ಬಿಸಿಲಿನಲ್ಲಿ ಮುಖದ ನೆರಳು ತುಂಬಲು ಈ ಜೋಡಿ ಆಗಿಬರುವುದಿಲ್ಲ. ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1, ಒಲಿಂಪಸ್ ಓಎಂ-1 ಇವುಗಳ ಸಿಂಕ್ ವೇಗ (ಫ್ಲ್ಯಾಶ್ ಬೆಳಕು ಚೌಕಟ್ಟಿಗೆ ಪೂರ್ತಿ ಸಿಗುವ ಅತಿ ಹೆಚ್ಚಿನ ಶಟರ್ ವೇಗ) 1/60. ಆ ವೇಗದಲ್ಲಿ 400ರ ಫಿಲ್ಮ್‌ಗೆ ನೆತ್ತಿಯ ಬಿಸಿಲಿಗೆ ಎಫ್ 40ರ ಆಸುಪಾಸು ಬೇಕು. 1/125 ಇಟ್ಟರೆ ಚೌಕಟ್ಟಿನ ಒಂದು ಭಾಗಕ್ಕೆ ಫ್ಲ್ಯಾಶ್ ಬೆಳಕೇ ತಲುಪುವುದಿಲ್ಲ. ಲೆನ್ಸ್‌ನೊಳಗೇ ಲೀಫ್ ಶಟರ್ ಇರುವ ಕ್ಯಾಮೆರಾಗೆ ಈ ಕಟ್ಟುಪಾಡಿಲ್ಲ, 1/500ಕ್ಕೂ ಸಿಂಕ್ ಆಗುತ್ತದೆ.

ಆದರೆ ಆ ಲೀಫ್ ಶಟರ್‌ಗಳಲ್ಲಿ ಎಂ, ಎಕ್ಸ್ ಎಂಬ ಕೀಲಿ ಇದ್ದರೆ ಎಕ್ಸ್‌ನಲ್ಲೇ ಇರಲಿ. ಎಂ ಇರುವುದು ಹಳೇ ಬಲ್ಬುಗಳಿಗೆ: ಬಲ್ಬು ಹೊತ್ತಿಕೊಳ್ಳಲು ಸಮಯ ಬೇಕೆಂದು ಶಟರ್ ತಡವಾಗಿ ತೆರೆಯುತ್ತದೆ, ಅಷ್ಟರಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶ್ ಮಿಂಚಿ ಮುಗಿದಿರುತ್ತದೆ. ನಿಧಾನದ ಫಿಲ್ಮಾದರೆ ನೆಗೆಟಿವ್ ಖಾಲಿ ಬಂದು ತಪ್ಪು ಗೊತ್ತಾಗುತ್ತದೆ. ವೇಗದ ಫಿಲ್ಮ್‌ನಲ್ಲಿ ಕೋಣೆಯ ದೀಪಕ್ಕೇ ಒಂದು ಮಸುಕು ಚಿತ್ರ ಮೂಡಿ, ಫ್ಲ್ಯಾಶಿಗೆ ಶಕ್ತಿ ಸಾಲಲಿಲ್ಲವೆಂದು ಮೋಸಹೋಗುತ್ತೇವೆ. ರೋಲ್ ಹಾಕುವ ಮುಂಚೆ ಹಿಂಬಾಗಿಲು ತೆರೆದು, ಅಪರ್ಚರ್ ಪೂರ್ತಿ ಬಿಟ್ಟು, ಬಿಳಿ ಗೋಡೆಯ ಕಡೆ ಹಿಡಿದು ಹಿಂದಿನಿಂದ ನೋಡುತ್ತಾ ಒತ್ತಿ. ಚೌಕಟ್ಟು ಪೂರ್ತಿ ಬೆಳಗಬೇಕು.

ಫ್ಲ್ಯಾಶನ್ನು ಕ್ಯಾಮೆರಾಗೆ ಕೂಡಿಸುವ ಮುಂಚೆ ಮಲ್ಟಿಮೀಟರ್ ಬೇಕೇ ಬೇಕು. ಹಳೇ ಫ್ಲ್ಯಾಶ್‌ಗಳಲ್ಲಿ ಕೆಲವು ಶೂ ಸಂಪರ್ಕದಲ್ಲಿ (ಕ್ಯಾಮೆರಾ ಮೇಲೆ ಕೂರುವ ಫ್ಲ್ಯಾಶಿನ ಅಡಿಭಾಗದಲ್ಲಿ) 200 ವೋಲ್ಟ್ ಮೀರುತ್ತವೆ. ಚಾರ್ಜ್ ಆದ ಮೇಲೆ ನಡುವಿನ ಬಿಂದುವಿಗೂ ಪಕ್ಕದ ಲೋಹಕ್ಕೂ ಡಿಸಿ ಅಳೆಯಿರಿ. ಪೂರ್ತಿ ಯಾಂತ್ರಿಕ ಕ್ಯಾಮೆರಾ ತಡೆದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಶಟರ್ ಇರುವುದಕ್ಕೆ 10 ವೋಲ್ಟ್ ದಾಟಿದ್ದನ್ನು ನಾನು ಹಾಕುವುದಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಫ್ಲ್ಯಾಶಾದರೆ ಅರ್ಧ ಗಂಟೆ ಆನ್ ಇಟ್ಟು, ನಡುನಡುವೆ ಮಿಂಚಿಸಿ ಕೆಪಾಸಿಟರ್ ಚೇತರಿಸಿಕೊಳ್ಳಲಿ. ರೆಡಿ ದೀಪ ಪೂರ್ತಿ ಚಾರ್ಜ್ ಆಗುವ ಮುಂಚೆಯೇ ಹತ್ತುತ್ತದೆ, ಪೂರ್ತಿ ಪವರ್ ಬೇಕಿದ್ದರೆ ಇನ್ನೂ ಹತ್ತು ಸೆಕೆಂಡ್ ಕಾಯಿರಿ.

ಸಿನಿಸ್ಟಿಲ್ 800ಟಿಯಂತಹ ಟಂಗ್‌ಸ್ಟನ್ (ಹಳದಿ ಬಲ್ಬಿನ ಬೆಳಕಿಗೆಂದು ಮಾಡಿದ) ಫಿಲ್ಮ್‌ಗೆ ಫ್ಲ್ಯಾಶ್ ನೀಲಿಯಾಗಿ ಕಾಣುತ್ತದೆ. ಫ್ಲ್ಯಾಶಿನ ಮೇಲೆ ಕಿತ್ತಳೆ ಜೆಲ್ (ಬಣ್ಣದ ತೆಳು ಹಾಳೆ) ಅಂಟಿಸಿ ಅರ್ಧದಿಂದ ಮುಕ್ಕಾಲು ಸ್ಟಾಪ್ ಹೆಚ್ಚಿಗೆ ಕೊಟ್ಟರೆ ಸರಿಹೋಗುತ್ತದೆ.